ಹುಸಿಗಂಟೆ ಗುಡ್ಡ

ಕಣವಿಹಾಳಕ್ಕೆ ಹೋಗುವವರಿಗೆ ಊರಿಗಿಂತ ಮೊದಲು ಕಾಣುವುದು ಕರಿಗಲ್ಲಿನ ಗೋಪುರ ಹೊತ್ತ ಗುಡ್ಡ. ನಕಾಶೆಯಲ್ಲಿ ಅದಕ್ಕೆ ‘ಮಹಿಮೆಯ ಗುಡ್ಡ’ ಎಂಬ ಹೆಸರಿದೆ. ಊರವರಾರೂ ಹಾಗೆ ಅನ್ನುವುದಿಲ್ಲ. ಅವರ ಬಾಯಲ್ಲಿ ಅದು ಹುಸಿಗಂಟೆ ಗುಡ್ಡ. ಹೇಳುವಾಗ ತುಟಿಯ ಕೊನೆ ಕೊಂಚ ಸೊಟ್ಟಗಾಗುತ್ತದೆ.

ಹಿಂದೆ ಒಮ್ಮೆ ಇಲ್ಲಿ ಹನ್ನೊಂದು ಕ್ರೈಸ್ತ ಮನೆಗಳೂ ಮೆಸಾಕಪ್ಪನೆಂಬ ಒಬ್ಬ ಉಪದೇಶಿಯೂ ಇದ್ದರು. ಸಭೆ ಬೆಳೆಯಬೇಕಾದರೆ ದೇವಾಲಯ ಎತ್ತರದಲ್ಲಿರಬೇಕು, ಗಂಟೆ ಮೂರು ಹರದಾರಿ ಕೇಳಬೇಕು ಎಂಬುದು ಆತನ ಘನ ಸಿದ್ಧಾಂತ. ಗುಡ್ಡದ ತುದಿಯಲ್ಲಿ ದೇವಾಲಯ ಕಟ್ಟಿಸಿ, ಎಂಟೆತ್ತಿನ ಬಂಡಿಯಲ್ಲಿ ಗಂಟೆ ತರಿಸಿ ದಿನಕ್ಕೆರಡು ಸಲ ಬಾರಿಸಿದ. ಮನೆಗಳು ಹನ್ನೊಂದೇ ಉಳಿದವು. ಆಗ ಆತ ಜನರ ಕಿವಿಗಳನ್ನು ಶಪಿಸಿ, ನಾಲ್ಕು ಸಲ ಬಾರಿಸತೊಡಗಿದನಂತೆ. ದೇವಾಲಯದ ಕಸ ಗುಡಿಸುತ್ತಿದ್ದ ವಿಧವೆ ರೆಬೆಕ್ಕವ್ವನಿಗೆ ಇದನ್ನು ಕಂಡು ನಗು ಬರುತ್ತಿತ್ತು. ಊರನ್ನೆಲ್ಲ ಕರೆಯುವ ಈ ಮನುಷ್ಯ ಒಬ್ಬರ ಮನೆಯ ಹೊಸ್ತಿಲನ್ನೂ ತುಳಿದವನಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಪ್ಲೇಗು ಬಂದ ವರ್ಷ ಊರು ಹೊಲಗಳಿಗೆ ಓಡಿತು. ಒಂದು ಭಾನುವಾರ ಕುರುಬರ ಮೈಲವ್ವ, ಕಂಕುಳಲ್ಲಿ ಗಡ್ಡೆಯೆದ್ದ ಮಗಳನ್ನು ಬೆನ್ನ ಮೇಲೆ ಹೊತ್ತು, ಗಂಟೆಯ ಸದ್ದು ಹಿಡಿದು ಗುಡ್ಡ ಹತ್ತಿದಳು. ಅದು ಕರೆಯುತ್ತಿರುವುದು ತನ್ನನ್ನೇ ಎಂದು ಆ ತಾಯಿ ನಂಬಿದ್ದಳು. ಮೆಸಾಕಪ್ಪ ಬಾಗಿಲಿಗೆ ಅಗುಳಿ ಹಾಕಿಸಿದ.

“ಯಾರನ್ನ ಕರಿಯಾಕ ಗಂಟಿ ಬಾರಿಸಿದ್ರೀ?” ಎಂದು ಕೇಳಿದಳು ರೆಬೆಕ್ಕವ್ವ.

“ಅದು ದೇವರ ಮಹಿಮೆಗೆ. ಬ್ಯಾನಿಯವರನ್ನ ಒಳಗ ಬಿಟ್ರ ಇದ್ದ ಸಭೇನೂ ಉಳಿಯೂದಿಲ್ಲ.”

“ಹಂಗಾದ್ರ ಬಾರಿಸ್ಕೋತ ಕುಂದರ್ರಿ.”

ಕಸಬರಿಗೆಯನ್ನು ಆತನ ಕಾಲ ಬಳಿ ಒಗೆದು, ಅಗುಳಿ ತೆಗೆದು ಅವಳು ಹೊರಬಂದಳು. ಗುಡ್ಡದ ಬುಡದ ತನ್ನ ದನದ ಕೊಟ್ಟಿಗೆಯಲ್ಲಿ ಹುಡುಗಿಯನ್ನು ಮಲಗಿಸಿದಳು. ಮೂರನೆಯ ದಿನ ಹುಡುಗಿ ತೀರಿಕೊಂಡಳು. ಮೈಲವ್ವ ಮಾತ್ರ ಹೋಗಲಿಲ್ಲ. ಆಮೇಲೆ ಬಂದ ರೋಗಿಗಳಿಗೆ ಗಂಜಿ ಕುಡಿಸುತ್ತ ಅಲ್ಲೇ ಉಳಿದಳು. ರೋಗ ಇಳಿಯುವಷ್ಟರಲ್ಲಿ ಹೆಂಗಸರಿಬ್ಬರೇ ಆ ಹುಡುಗಿಯದೂ ಸೇರಿ ಐದು ಹೆಣಗಳನ್ನು ಅಂಗಳದಲ್ಲಿ ಹೂಳಿದ್ದರು. ಬದುಕಿ ಎದ್ದವರು, ರೆಬೆಕ್ಕವ್ವ ಪ್ರಾರ್ಥಿಸುವಾಗ ಸುಮ್ಮನೆ ಪಕ್ಕದಲ್ಲಿ ಬಂದು ಕೂತರು. ಬರಬರುತ್ತ ನೆಂಟರನ್ನೂ ಕರೆತಂದರು. ಮೇಲಿನ ದೇವಾಲಯಕ್ಕೆ ಹೋಗುತ್ತಿದ್ದ ಹನ್ನೊಂದು ಮನೆಯವರೂ ನಾಚಿಕೊಂಡು ಒಬ್ಬೊಬ್ಬರಾಗಿ ಇಳಿದುಬಂದರು.

ಕೊನೆಗೆ ಮೆಸಾಕಪ್ಪನೂ ಇಳಿದುಬಂದ. ಕೂರಲಿಕ್ಕಲ್ಲ, ತಲೆ ಎಣಿಸಲಿಕ್ಕೆ. “ಇಷ್ಟು ಮಂದಿ ಅದಾರ! ಎಲ್ಲಾರನೂ ಮ್ಯಾಲ ಕರ್ಕೊಂಡು ಬಾ, ಅಲ್ಲಿ ಗಂಟಿ ಐತಿ,” ಎಂದ.

ರೆಬೆಕ್ಕವ್ವ ಬಾಯಿ ತೆರೆಯುವ ಮೊದಲೇ ಮೈಲವ್ವ ಹೇಳಿದಳು: “ಅದು ಹುಸಿ ಗಂಟಿ ರೀ. ಕರೀತೈತಿ, ಬಾಗಿಲಾ ತೆಗಿಯೂದಿಲ್ಲ.”

ಹೆಸರು ಅಂದೇ ಅಂಟಿತು ಎನ್ನುತ್ತಾರೆ. ಆತ ಮತ್ತೆ ಮೇಲೆ ಹತ್ತಿ, ಒಂದು ನರಪಿಳ್ಳೆಯೂ ಬಾರದಿದ್ದರೂ ಸಾಯುವವರೆಗೆ ಬಾರಿಸಿದನಂತೆ.

ಕೊಟ್ಟಿಗೆಯಿದ್ದ ಜಾಗದಲ್ಲಿ ಈಗ ಹಂಚಿನ ತಗ್ಗು ದೇವಾಲಯವಿದೆ. ಎರಡು ಸಲ ಗೋಡೆ ಒಡೆದು ದೊಡ್ಡದು ಮಾಡಿದರೂ ಜನ ಹಿಡಿಸುವುದಿಲ್ಲ. ಭಾನುವಾರ ಹೋದವರು ನೋಡಬಹುದು: ತಡವಾಗಿ ಬಂದವರು ಅಂಗಳದ ಐದು ಸಮಾಧಿಗಳ ನಡುವೆ ಚಾಪೆ ಹಾಸಿ ಕೂತಿರುತ್ತಾರೆ. ಎಲ್ಲಕ್ಕಿಂತ ಚಿಕ್ಕ ಸಮಾಧಿಗೆ ಒರಗಿ ಯಾವಳೋ ಒಬ್ಬ ತಾಯಿ ಮಗುವಿಗೆ ಹಾಲೂಡಿಸುತ್ತಿರುತ್ತಾಳೆ.