ಹಂಡನ ಗಂಟೆ

ಇಟ್ಟಿಗೆ ಗಾಡಿ ಎಳೆಯುವ ಮುದಿ ಎತ್ತು ಹಂಡನಿಗೆ ತನ್ನ ಕೊರಳಿನ ಗಂಟೆಯೆಂದರೆ ಪ್ರಾಣ. ಅದರ ಸದ್ದು ಮೂರು ಊರಿಗೆ ಕೇಳುತ್ತಿತ್ತು. ಹೊಸದಾಗಿ ಜೊತೆಗೆ ಬಂದ ಎತ್ತು ಕೆಂದ ಮಾತ್ರ ಹತ್ತು ಹೆಜ್ಜೆಗೊಮ್ಮೆ ತಲೆ ಕೊಡವಿ ನಿಂತುಬಿಡುತ್ತಿದ್ದ.

"ನಾಳೆಯೂ ನಿಂತರೆ ಸಂತೇಲಿ ಕಟುಕನಿಗೆ ಕೊಟ್ಟುಬಿಡ್ತೀನಿ," ಎಂದ ಗಾಡಿಯ ದ್ಯಾವಣ್ಣ.

ಕೊಟ್ಟಿಗೆಯಲ್ಲಿ ಹಂಡ ಗದರಿದ: "ಬಂಡೆಯಂಥ ಮೈ ಇದೆ. ಎಳೆಯೋಕೆ ಏನೋ ದಾಡಿ ನಿನಗೆ?"

"ಎಳೀತೀನಿ ಅಣ್ಣ. ಆದರೆ ನಿನ್ನ ಗಂಟೆ ನನ್ನ ತಲೆಯೊಳಗೇ ಬಡಿದ ಹಾಗಾಗುತ್ತೆ. ಆಗ ಕಾಲು ಎಲ್ಲಿಡಬೇಕೋ ತಿಳಿಯಲ್ಲ."

"ನನಗೇನೂ ಆಗಲ್ವಲ್ಲ?"

"ನಿನ್ನ ತಲೆ ಬೇರೆ, ಅಣ್ಣ."

ಹಂಡ ಹುಲ್ಲಿನ ಜೊತೆಗೆ ಆ ಮಾತನ್ನೂ ಮೆಲುಕು ಹಾಕಿದ. ಆಮೇಲೆ ಎದ್ದು ಕೊರಳನ್ನು ಕಂಬಕ್ಕೆ ಉಜ್ಜತೊಡಗಿದ. ಹಗ್ಗ ಹರಿಯುವಷ್ಟರಲ್ಲಿ ಚರ್ಮವೂ ತರಚಿತ್ತು. ಬಿದ್ದ ಗಂಟೆಯನ್ನು ಮೂತಿಯಿಂದ ಹುಲ್ಲಿನಡಿಗೆ ತಳ್ಳಿದ.

ಮರುದಿನ ಇಟ್ಟಿಗೆ ಸುಡುವ ಗೂಡಿನಿಂದ ಊರಿನ ತನಕ ಕೆಂದ ಒಮ್ಮೆಯೂ ನಿಲ್ಲಲಿಲ್ಲ. "ನನ್ನ ಬಾಯಿಗೆ ಹೆದರಿದ ನೋಡು!" ಎಂದು ದ್ಯಾವಣ್ಣ ಮೀಸೆ ತಿರುವಿದ.

ಹಂಡ ಕಿವಿ ನಿಮಿರಿಸಿ ಕೇಳಿದ: "ಕೆಂದಾ, ಈ ಹಾದೀಲಿ ಇಷ್ಟೊಂದು ಹಕ್ಕಿ ಯಾವಾಗ ಬಂದವೋ?"

"ಮೊದಲಿನಿಂದಲೂ ಇದ್ದವು, ಅಣ್ಣ."