ನಡುದಾರಿಯಲ್ಲಿ ನಿಲ್ಲುತ್ತಿದ್ದ ಯಂತ್ರ

ಹುಬ್ಬಳ್ಳಿಯಲ್ಲಿ ಮುರಿಗೆಪ್ಪ ಎಂಬ ಎಂಜಿನಿಯರ್ ಇದ್ದರು. ಕಣ್ಣು ಕಾಣದ ಮಕ್ಕಳಿಗಾಗಿ ಅವರು ಒಂದು ಯಂತ್ರ ಮಾಡಿದ್ದರು. ಅಚ್ಚಾದ ಹಾಳೆಯನ್ನು ಅದರ ಕೆಳಗೆ ಇಟ್ಟರೆ ಸಾಕು, ಯಂತ್ರ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಿತ್ತು. ಊರ ಹೊರಗಿನ ಅಂಧ ಮಕ್ಕಳ ಶಾಲೆಯೊಂದು ಇಂಥ ಹನ್ನೆರಡು ಯಂತ್ರಗಳನ್ನು ತರಿಸಿಕೊಂಡಿತ್ತು. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯನ್ನು ಮಕ್ಕಳಿಗೆ ಓದಿ ಹೇಳುವುದು ಅದೇ.

ಮುರಿಗೆಪ್ಪನವರು ಬುದ್ಧಿವಂತರು. ಆದರೆ ಅವರ ಮೈಯಲ್ಲಿ ಒಂದು ನುಡಿ ಸೇರಿಕೊಂಡಿತ್ತು. ಏನು ಕೆಟ್ಟರೂ ಅವರ ಬಾಯಿಂದ ಮೊದಲು ಹೊರಡುವ ಮಾತು ಅದೇ: "ನಾ ಏನೂ ಮಾಡಿಲ್ಲ." ಚಹಾದ ಲೋಟ ಉರುಳಿದರೂ ಅದೇ, ಬಾಗಿಲ ಚಿಲಕ ಕಿತ್ತು ಕೈಗೆ ಬಂದರೂ ಅದೇ.

ಒಂದು ಸಲ ಶಾಲೆಯಿಂದ ದೂರು ಬಂತು. ಯಂತ್ರ ಪ್ರತಿ ಪುಟದ ಕೊನೆಯ ಸಾಲನ್ನು ನುಂಗುತ್ತಿದೆಯಂತೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಕ್ಕಳೆಲ್ಲ ಪುಟಕ್ಕೊಂದು ಪ್ರಶ್ನೆ ಬಿಟ್ಟಿದ್ದರು. "ಆ ಪ್ರಶ್ನೆ ನಮಗ ಬಂದಽ ಇಲ್ರಿ" ಎಂದು ಅವರು ಅತ್ತರೂ ಯಾರೂ ನಂಬಿರಲಿಲ್ಲ. ಈಗ ವಾರ್ಷಿಕ ಪರೀಕ್ಷೆ ಸೋಮವಾರ ಶುರುವಾಗುವುದಿತ್ತು.

ಮುರಿಗೆಪ್ಪನವರ ಕೈಕೆಳಗೆ ಇಬ್ಬರು ಕೆಲಸ ಮಾಡುತ್ತಿದ್ದರು. ವಿದ್ಯಾಶ್ರೀ ಎಂಬ ಹುಡುಗಿ ಪ್ರೋಗ್ರಾಂ ಬರೆಯುತ್ತಿದ್ದಳು. ದಾವಲಸಾಬ್ ವೈರು, ಬ್ಯಾಟರಿ, ಬೆಸುಗೆಯ ಕೆಲಸ ನೋಡಿಕೊಳ್ಳುತ್ತಿದ್ದರು. ವಿದ್ಯಾಶ್ರೀ ಒಂದೇ ದಿನದಲ್ಲಿ ತಪ್ಪನ್ನು ಹಿಡಿದಳು. ಸಾಲು ಎಣಿಸುವಾಗ ಯಂತ್ರ ಒಂದು ಕಡಿಮೆ ಎಣಿಸುತ್ತಿತ್ತು. ಅವಳು ತಿದ್ದಿದ್ದು ಒಂದೇ ಒಂದು ಅಂಕಿ.

ಆದರೆ ತಿದ್ದಿದರೆ ಮುಗಿಯಲಿಲ್ಲ. ಮನುಷ್ಯರು ಬರೆದ ಪ್ರೋಗ್ರಾಂ ಯಂತ್ರಕ್ಕೆ ಹಾಗೇ ಜೀರ್ಣವಾಗುವುದಿಲ್ಲ. ನೆನೆಸಿದ ಅಕ್ಕಿಯನ್ನು ರುಬ್ಬಿ ಹಿಟ್ಟು ಮಾಡಿದ ಹಾಗೆ, ಕಂಪ್ಯೂಟರಿನಲ್ಲಿ ಅದನ್ನು ಅರೆದು ಹದ ಮಾಡಬೇಕು. ಇದನ್ನು ಬಿಲ್ಡ್ ಮಾಡುವುದು ಎನ್ನುತ್ತಾರೆ. ಅವರ ಪ್ರೋಗ್ರಾಂ ಬಿಲ್ಡ್ ಆಗಲು ನಲವತ್ತು ನಿಮಿಷ ಬೇಕಿತ್ತು.

ಹಿಂದಿನ ವಾರವಷ್ಟೇ ಬಿಲ್ಡ್ ಮಾಡಲು ಹೊಸ ಕಂಪ್ಯೂಟರ್ ಬಂದಿತ್ತು. ಹಳೆಯದರಲ್ಲಿ ಒಂದು ಗುಂಡಿ ಒತ್ತಿದರೆ ಆಗುತ್ತಿತ್ತು. ಹೊಸದರಲ್ಲಿ ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಆಜ್ಞೆ ಬರೆಯಬೇಕು. ಬರೆದರೆ ಬಿಳಿ ಅಕ್ಷರದ ಸಾಲುಗಳು ಒಂದರ ಹಿಂದೊಂದು ಓಡತೊಡಗುತ್ತವೆ. ಓಡುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯಬೇಕು. ಆ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಮುರಿಗೆಪ್ಪನವರನ್ನು ಬಿಟ್ಟು ಬೇರೆ ಯಾರೂ ಕೂಡುವ ಹಾಗಿರಲಿಲ್ಲ. ಹಿರಿಯರ ಕುರ್ಚಿ ಅದು.

ಬುಧವಾರ ಬೆಳಿಗ್ಗೆ ಮುರಿಗೆಪ್ಪನವರು ಆಜ್ಞೆ ಕೊಟ್ಟರು. ಸಾಲುಗಳು ಓಡಿದವು. ಹತ್ತು ನಿಮಿಷವಾಯಿತು. ಹದಿನೈದಾಯಿತು. ಒಮ್ಮೆಲೇ ಎಲ್ಲ ನಿಂತುಬಿಟ್ಟಿತು. ತಪ್ಪಾಯಿತು ಎಂಬ ಸೂಚನೆಯೂ ಇಲ್ಲ, ಮುಗಿಯಿತು ಎಂಬ ಸೂಚನೆಯೂ ಇಲ್ಲ. ಓಡುತ್ತಿದ್ದ ಅಕ್ಷರಗಳು ಕಾಲು ಹೂತವರ ಹಾಗೆ ಇದ್ದಲ್ಲೇ ನಿಂತವು.

"ಸರ್, ಏನಾತ್ರಿ?" ಎಂದಳು ವಿದ್ಯಾಶ್ರೀ.

"ನಾ ಏನೂ ಮಾಡಿಲ್ಲ!" ಎಂದರು ಮುರಿಗೆಪ್ಪ. "ಕರೆಂಟಿನ ದೋಷ ಇದು. ದಾವಲಸಾಬ್, ಏನ್ ವೈರಿಂಗ್ ಮಾಡೀರಿ?"

ದಾವಲಸಾಬ್ ಮೇಜಿನ ಕೆಳಗೆ ನುಗ್ಗಿದರು. ವೈರು ಬದಲಾಯಿಸಿದರು, ಯುಪಿಎಸ್ ಬದಲಾಯಿಸಿದರು. ತಲೆಗೆ ಜೇಡರ ಬಲೆ ಸುತ್ತಿಕೊಂಡು ಹೊರಬಂದರು. ಮುರಿಗೆಪ್ಪನವರು ಕಪ್ಪು ಕಿಟಕಿ ಮುಚ್ಚಿ, ಎಲ್ಲ ಅಳಿಸಿ, ಮೊದಲಿಂದ ಶುರು ಮಾಡಿದರು. ಈ ಸಲ ಹನ್ನೆರಡನೇ ನಿಮಿಷಕ್ಕೇ ನಿಂತಿತು.

"ಕೀಬೋರ್ಡ್ ಸರಿ ಇಲ್ಲ" ಎಂದರು ಮುರಿಗೆಪ್ಪ. ಹೊಸ ಕೀಬೋರ್ಡ್ ಬಂತು. ಆರನೇ ನಿಮಿಷಕ್ಕೆ ನಿಂತಿತು.

ಗುರುವಾರ ಅವರಿಗೆ ಮೇಜಿನ ದಿಕ್ಕಿನ ಮೇಲೆ ಅನುಮಾನ ಬಂತು. "ನಾ ಇಂಥಾದ್ದೆಲ್ಲ ನಂಬೂ ಪೈಕಿ ಅಲ್ಲ" ಎಂದು ಮೊದಲೇ ಹೇಳಿ, ದಕ್ಷಿಣಕ್ಕಿದ್ದ ಮೇಜನ್ನು ಪೂರ್ವಕ್ಕೆ ತಿರುಗಿಸಿದರು. ಮೇಜು ಬಾಗಿಲಿಗೆ ಅಡ್ಡ ಬಂತು. ಆ ದಿನವೆಲ್ಲ ಎಲ್ಲರೂ ಅದರ ಕೆಳಗೆ ಬಗ್ಗಿ ಒಳಗೆ ಹೊರಗೆ ಓಡಾಡಿದರು. ಪೂರ್ವಕ್ಕೆ ಮುಖ ಮಾಡಿಯೂ ಕಂಪ್ಯೂಟರ್ ನಿಂತಿತು. ಒಂಬತ್ತನೇ ನಿಮಿಷಕ್ಕೆ.

"ಸರ್, ಒಂದ್ ಸಲ ನಾ ಕೂಡ್ಲೇನ್ರಿ?" ಎಂದು ವಿದ್ಯಾಶ್ರೀ ಕೇಳಿದಳು.

ಮುರಿಗೆಪ್ಪನವರ ಸಿಟ್ಟು ನೆತ್ತಿಗೇರಿತು. "ನೀ ತಿದ್ದಿದ ಮ್ಯಾಲಽ ಇದಕ್ಕ ಈ ಗತಿ ಬಂದದ್ದು. ನಿನ್ನ ಆ ಒಂದು ಅಂಕಿ ಏನು ಅನಾಹುತ ಮಾಡೇತಿ ನೋಡು!"

"ನಂದು ತೆಗದು ಹಳೇದನ್ನ ಬಿಲ್ಡ್ ಮಾಡಿ ನೋಡ್ರಿ ಸರ್. ಅದೂ ನಿಂತರ ತಪ್ಪು ನಂದಲ್ಲ."

ಹಾಗೇ ಮಾಡಿದರು. ಅದೂ ನಿಂತಿತು. ಮುರಿಗೆಪ್ಪನವರು ಸ್ವಲ್ಪ ಹೊತ್ತು ಯೋಚಿಸಿ, "ನಿನ್ನ ಪ್ರೋಗ್ರಾಮಿನ ಸೋಂಕು ಹಳೇದಕ್ಕೂ ಹತ್ತೇತಿ" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಶಾಲೆಯ ಹೆಡ್‌ಮಾಸ್ತರರಿಗೆ ಫೋನ್ ಹಚ್ಚಿ, ಅವಳ ಎದುರಿಗೇ ಹೇಳಿದರು: "ಹೊಸಾ ಹುಡುಗಿ ರೀ, ತಿಳೀದಽ ಕೈ ಹಾಕಿ ಕೆಡಿಸ್ಯಾಳ. ಅದಕ್ಕಽ ತಡಾ ಆಗೇತಿ. ನಾ ಸರಿ ಮಾಡಾಕತ್ತೀನಿ."

ವಿದ್ಯಾಶ್ರೀ ಮೇಜಿನ ಕೆಳಗೆ ಬಗ್ಗಿ ಹೊರಗೆ ಹೋಗಿ, ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು, ಮತ್ತೆ ಬಗ್ಗಿ ಒಳಗೆ ಬಂದಳು.

ಶುಕ್ರವಾರ ಹನ್ನೊಂದು ಗಂಟೆಗೆ ಶಾಲೆಯಿಂದ ತಾರಾಬಾಯಿ ಅಕ್ಕೋರು ಬಂದರು. ಆ ಶಾಲೆಯಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ಪಾಠ ಹೇಳುತ್ತಿದ್ದರು. ಅವರಿಗೂ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಬಾಗಿಲಲ್ಲಿ ಅವರ ಕೋಲು ಮೇಜಿಗೆ ಬಡಿಯಿತು.

"ಇದ್ಯಾಕ್ರಿ ಬಾಗಲಾಗ ಮೇಜು ಇಟ್ಟೀರಿ? ಕಣ್ಣು ಇದ್ದವ್ರಿಗೂ ಹಾದಿ ಬ್ಯಾಡೇನು?" ಎಂದರು.

ದಾವಲಸಾಬ್ ನಗು ತಡೆಯಲಾರದೆ ಕೆಮ್ಮಿದರು. ಎಲ್ಲರೂ ಸೇರಿ ಮೇಜನ್ನು ಮೊದಲಿನ ಜಾಗಕ್ಕೇ ಎತ್ತಿಟ್ಟರು.

"ನಿಮ್ಮ ಪ್ರೋಗ್ರಾಂ ತಗೊಂಡಽ ಹೋಗಾಕ ಬಂದೀನಿ. ಅದನ್ನ ಹನ್ನೆರಡೂ ಯಂತ್ರಕ್ಕ ಹಾಕಿ ನಾಳೆ ಓದಿಸಿ ನೋಡಬೇಕು. ಆಗೂದಿಲ್ಲ ಅಂದ್ರ ಈಗಽ ಹೇಳ್ರಿ. ಓದಿ ಹೇಳಾಕ ಹನ್ನೆರಡು ಮಂದಿನ್ನ ಹುಡುಕಬೇಕು ನಾ" ಎಂದರು ಅಕ್ಕೋರು.

"ಆಗ್ತೈತ್ರಿ, ಆಗ್ತೈತಿ" ಎಂದು ಮುರಿಗೆಪ್ಪನವರು ಆಜ್ಞೆ ಕೊಟ್ಟರು. ಸಾಲುಗಳು ಓಡತೊಡಗಿದವು. ಅಕ್ಕೋರು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತರು. ಪರದೆ ಅವರಿಗೆ ಕಾಣುತ್ತಿರಲಿಲ್ಲ. ಅದಕ್ಕೆ ಕೋಣೆಯನ್ನೇ ಕೇಳುತ್ತ ಕೂತರು.

ಏಳು ನಿಮಿಷಕ್ಕೆ ನಿಂತಿತು.

ಮುರಿಗೆಪ್ಪನವರು ಬಾಯಿ ತೆರೆಯುವ ಮೊದಲೇ "ನಿಂತಿತು" ಎಂದು ಅಕ್ಕೋರೇ ಹೇಳಿಬಿಟ್ಟರು.

"ನಿಮಗ ಹೆಂಗ ಗೊತ್ತಾತ್ರಿ?"

"ಕಂಪ್ಯೂಟರಿನ ಫ್ಯಾನು ಜೋರಾಗಿ ತಿರಗತಿತ್ತು, ಈಗ ತಣ್ಣಗಾತು. ದುಡಿಯೂದು ಬಿಟ್ಟೇತಿ ಅದು. ಸರ್, ನೀವು ಏನು ಒತ್ತಿದ್ರಿ?"

"ನಾ ಏನೂ ಮಾಡಿಲ್ಲ!"

"ಒತ್ತಿದ್ರಿ. 'ಟಕ್ ಟಕ್' ಅಂತ ಎರಡು ಕೀ ಕೂಡೇ ಬಡದ್ವು. ಅದರ ಬೆನ್ನಿಗೇ ಫ್ಯಾನು ತಣ್ಣಗಾತು."

"ಇಲ್ರೀ ಅಕ್ಕೋರ, ನನ್ನಾಣಿ. ಕೈ ಕಟ್ಟಿಕೊಂಡು ಕೂತಿದ್ದೆ!"

ಅಕ್ಕೋರು ವಾದ ಮಾಡಲಿಲ್ಲ. "ಮತ್ತೊಮ್ಮೆ ನಡಸ್ರಿ. ವಿದ್ಯಾಶ್ರೀ, ನೀ ಪರದೆ ನೋಡಬ್ಯಾಡವಾ. ಸರ್ ಕೈ ನೋಡು" ಎಂದರು.

ಮತ್ತೆ ಶುರುವಾಯಿತು. ಮುರಿಗೆಪ್ಪನವರು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟು, ಪಾಠಕ್ಕೆ ಕೂತ ಮಗುವಿನ ಹಾಗೆ ನೆಟ್ಟಗೆ ಕೂತರು. ಎರಡು ನಿಮಿಷ, ಮೂರು ನಿಮಿಷ. ನಾಲ್ಕನೇ ನಿಮಿಷಕ್ಕೆ ಅವರ ಮನಸ್ಸಿನಲ್ಲಿ ಆತಂಕ ಎದ್ದಿತು. ನಿಂತರೆ ಏನು ಗತಿ? ಆಗ ಅವರ ಎಡಗೈ, ಒಡೆಯನನ್ನು ಕೇಳದೆ, ತೊಡೆಯಿಂದ ಮೆಲ್ಲಗೆ ಎದ್ದಿತು. ಮೇಜು ಹತ್ತಿತು. ಕೀಬೋರ್ಡಿನ ಮೂಲೆಗೆ ಹೋಗಿ ಎರಡು ಕೀಗಳನ್ನು ಒಟ್ಟಿಗೆ ಒತ್ತಿ, ಮರಳಿ ತೊಡೆಯ ಮೇಲೆ ಬಂದು ಕೂತಿತು. ಮುರಿಗೆಪ್ಪನವರ ಕಣ್ಣು ಮಾತ್ರ ಪರದೆಯಲ್ಲೇ ನೆಟ್ಟಿತ್ತು.

ಸಾಲುಗಳು ನಿಂತವು.

"ನೋಡಿದ್ರೇನು? ನಾ ಏನೂ..." ಎಂದು ಮುರಿಗೆಪ್ಪನವರು ತಿರುಗಿದರು. ದಾವಲಸಾಬ್ ಮತ್ತು ವಿದ್ಯಾಶ್ರೀ ಇಬ್ಬರೂ ಬಾಯಿ ತೆರೆದು ಅವರ ಎಡಗೈಯನ್ನೇ ನೋಡುತ್ತಿದ್ದರು.

"ಸರ್," ಎಂದಳು ವಿದ್ಯಾಶ್ರೀ ಮೆಲ್ಲಗೆ, "ನೀವು ಕಂಟ್ರೋಲ್ ಮತ್ತ ಎಸ್ ಒತ್ತಿದ್ರಿ."

ಸಂಗತಿ ಇಷ್ಟೇ. ಹದಿನೆಂಟು ವರ್ಷದ ಹಿಂದೆ ಮುರಿಗೆಪ್ಪನವರು ಮೂರು ದಿನ ಕೂತು ಉದ್ದನೆಯ ವರದಿಯೊಂದನ್ನು ಬರೆದಿದ್ದರು. ಉಳಿಸುವ ಮೊದಲೇ ಕರೆಂಟು ಹೋಗಿ ಎಲ್ಲ ಅಳಿಸಿಹೋಯಿತು. ಆ ಭಯಕ್ಕೆ ಅವರ ಎಡಗೈ ಒಂದು ಪಾಠ ಕಲಿತಿತ್ತು. ಆಗಾಗ ಕಂಟ್ರೋಲ್ ಮತ್ತು ಎಸ್ ಒತ್ತಿ, ಬರೆದದ್ದನ್ನು ಉಳಿಸುತ್ತಿರಬೇಕು. ಆತಂಕ ಹೆಚ್ಚಾದಷ್ಟೂ ಬೇಗ ಬೇಗ ಒತ್ತಬೇಕು. ಬರೆಯುವ ಕಿಟಕಿಯಲ್ಲಿ ಆ ಎರಡು ಕೀಗೆ 'ಉಳಿಸು' ಎಂದು ಅರ್ಥ. ಆದರೆ ಟರ್ಮಿನಲ್ ಬಹಳ ಹಳೆಯ ಕಾಲದ ರೂಢಿಯನ್ನು ಇಟ್ಟುಕೊಂಡಿದೆ. ಅಲ್ಲಿ ಅದೇ ಎರಡು ಕೀಗೆ 'ನಿಲ್ಲು' ಎಂದು ಅರ್ಥ. ಮತ್ತೆ ಹೊರಡು ಎನ್ನುವ ತನಕ ಅದು ಮಿಸುಕುವುದಿಲ್ಲ. ಕಂಪ್ಯೂಟರ್ ಕೆಟ್ಟಿರಲಿಲ್ಲ. ಮೂರು ದಿನವೂ ಅದು ತನಗೆ ಹೇಳಿದ ಮಾತನ್ನು ಕೇಳುತ್ತಿತ್ತು, ಅಷ್ಟೇ.

"ಹೊರಡು ಅನ್ನಾಕ ಏನು ಒತ್ತಬೇಕು?" ಎಂದು ಅಕ್ಕೋರು ಕೇಳಿದರು.

ವಿದ್ಯಾಶ್ರೀ ತನ್ನ ಪುಸ್ತಕ ತಿರುವಿ ನೋಡಿದಳು. "ಕಂಟ್ರೋಲ್ ಮತ್ತ ಕ್ಯೂ" ಎಂದು ಹೇಳಿ, ಹಿರಿಯರ ಭುಜದ ಮೇಲಿಂದ ಕೈ ಚಾಚಿ ಒತ್ತಿದಳು. ಕಟ್ಟೆಯೊಡೆದ ನೀರಿನ ಹಾಗೆ ಬಿಳಿ ಸಾಲುಗಳು ನುಗ್ಗಿದವು. ಫ್ಯಾನು ಮತ್ತೆ ಗುಂಯ್‌ಗುಟ್ಟಿತು.

ಇನ್ನೂ ಮೂವತ್ತಾರು ನಿಮಿಷ ಉಳಿದಿತ್ತು. ಮುರಿಗೆಪ್ಪನವರು ಕೈಯನ್ನು ಜೇಬಿಗೆ ಹಾಕಿಕೊಂಡರು. ಎರಡೇ ನಿಮಿಷಕ್ಕೆ ಅದು ಹೊರಗೆ ಬಂತು. ತೊಡೆಯ ಕೆಳಗೆ ಹಾಕಿ ಕೂತರು. ಅಲ್ಲಿಂದಲೂ ಜಾರಿತು. ಕುರ್ಚಿ ಸದ್ದು ಮಾಡಿದ್ದು ಕೇಳಿ "ಕೈ!" ಎಂದು ಅಕ್ಕೋರು ಗದರಿದರು. ಕೊನೆಗೆ ದಾವಲಸಾಬ್ ಅಂಗಡಿಗೆ ಹೋಗಿ ಚಹಾ ತಂದರು. ಮುರಿಗೆಪ್ಪನವರ ಒಂದೊಂದು ಕೈಗೆ ಒಂದೊಂದು ತುಂಬಿದ ಲೋಟ ಕೊಟ್ಟರು. ಊರಿಗೆಲ್ಲ ಬುದ್ಧಿ ಹೇಳುವ ಆ ಹಿರಿಯರು, ಎರಡು ಬಿಸಿ ಲೋಟ ಹಿಡಿದು, ಒಂದನ್ನೂ ಕುಡಿಯಲಾರದೆ, ಇಳಿಸಲೂ ಆಗದೆ ಅರ್ಧ ತಾಸು ಕೂತರು.

ಬಿಲ್ಡ್ ಮುಗಿಯಿತು. ಕಚೇರಿಯಲ್ಲೇ ಇದ್ದ ಒಂದು ಯಂತ್ರಕ್ಕೆ ಅದನ್ನು ಹಾಕಿ, ಒಂದು ಹಳೇ ಪ್ರಶ್ನೆಪತ್ರಿಕೆ ಇಟ್ಟರು. ಯಂತ್ರ ಮೊದಲ ಸಾಲಿಂದ ಕೊನೆಯ ಸಾಲಿನ ತನಕ ಒಂದೂ ಬಿಡದೆ ಓದಿತು. ತಾರಾಬಾಯಿ ಅಕ್ಕೋರು ಇನ್ನೊಮ್ಮೆ ಓದಿಸಿ, ಬೆರಳು ಮಡಚಿ ಪ್ರಶ್ನೆ ಎಣಿಸಿ, ತಲೆಯಾಡಿಸಿದರು. ಪ್ರೋಗ್ರಾಂ ಇದ್ದ ಪೆನ್‌ಡ್ರೈವ್ ಅನ್ನು ಚೀಲಕ್ಕೆ ಹಾಕಿಕೊಂಡು ಕೋಲು ಹಿಡಿದು ಎದ್ದರು.

ಕೆಲಸವೇನೋ ಆಯಿತು. ಹೆಡ್‌ಮಾಸ್ತರರಿಗೆ ಇನ್ನು ಯಾರೂ ಏನೂ ಹೇಳಬೇಕಾಗಿರಲಿಲ್ಲ. ಹೇಳದಿದ್ದರೆ, ಹುಡುಗಿ ಕೆಡಿಸಿದಳು, ಹಿರಿಯರು ಸರಿ ಮಾಡಿದರು ಎಂದು ಅವರು ತಿಳಿದುಕೊಂಡೇ ಇರುತ್ತಿದ್ದರು. ಮುರಿಗೆಪ್ಪನವರು ವಿದ್ಯಾಶ್ರೀಯ ಕಡೆ ನೋಡಿದರು. ಅವಳು ಆರಿದ ಚಹಾದ ಲೋಟಗಳನ್ನು ಎತ್ತಿಡುತ್ತಿದ್ದಳು.

ಅವರು ಫೋನ್ ತೆಗೆದರು. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ಮಾತಾಡಿದರು.

"ಹೆಡ್‌ಮಾಸ್ತರ್ರ, ನಿನ್ನೆ ನಾ ಹೇಳಿದ್ದು ಸುಳ್ಳು. ಆ ಹುಡುಗಿ ಒಂದಽ ದಿನದಾಗ ಸರಿ ಮಾಡಿದ್ಲು. ಮೂರು ದಿನ ತಡಾ ಮಾಡಿದ್ದು ನನ್ನ ಎಡಗೈ ರೀ."

ಬಾಗಿಲ ಬಳಿ ಕೋಲಿನ ಸದ್ದು ನಿಂತಿತು. "ಆ ಎಡಗೈ ಯಾರದ್ರಿ ಸರ್?" ಎಂದು ಅಕ್ಕೋರು ತಿರುಗದೆಯೇ ಕೇಳಿದರು.

ಮುರಿಗೆಪ್ಪನವರು ತಮ್ಮ ಎಡಗೈಯನ್ನು ಒಮ್ಮೆ ನೋಡಿ, ಫೋನಿಗೇ ಹೇಳಿದರು: "ನಂದಽ ರೀ. ನಾನಽ ಮಾಡಿದ್ದು."

ಆ ಮಾತು ಅವರ ಬಾಯಿಂದ ಬಂದದ್ದನ್ನು ದಾವಲಸಾಬ್ ತಮ್ಮ ನೌಕರಿಯಲ್ಲೇ ಮೊದಲ ಸಲ ಕೇಳಿದ್ದರು. ನಂಬಿಕೆಯಾಗದೆ ಗಡಿಯಾರ ನೋಡಿ ಹೊತ್ತನ್ನು ಗುರುತು ಮಾಡಿಕೊಂಡರು. ಮುರಿಗೆಪ್ಪನವರು ಫೋನ್ ಇಟ್ಟು ಕುರ್ಚಿಯಿಂದ ಎದ್ದರು. ಅದನ್ನು ವಿದ್ಯಾಶ್ರೀಯ ಕಡೆ ಎಳೆದು, "ಕೂಡವಾ" ಎಂದರು.

ನೀತಿ: ಕೆಲಸ ಕೆಟ್ಟಾಗ ಊರೆಲ್ಲ ಹುಡುಕುವ ಮೊದಲು ನಮ್ಮ ಕೈ ಏನು ಮಾಡುತ್ತಿದೆ ಎಂದು ನೋಡಿಕೊಳ್ಳಬೇಕು. ತಪ್ಪು ಅಲ್ಲೇ ಸಿಕ್ಕರೆ, ಬೇರೆಯವರ ಮೇಲೆ ಎಷ್ಟು ಗಟ್ಟಿಯಾಗಿ ಹೊರಿಸಿದ್ದೆವೋ ಅಷ್ಟೇ ಗಟ್ಟಿಯಾಗಿ ಒಪ್ಪಿಕೊಳ್ಳಬೇಕು.