ಕರಿಬಸನ ಗಾಡಿ ದಾರೀಲಿ ನಿಂತಿತು

ಹಾಲಮ್ಮನಿಗೆ ಒಬ್ಬನೇ ಮಗ. ಹೆಸರು ಕರಿಬಸ. ಹೇಳಿದ್ದು ಮಾಡೋನು. ಹೇಳಿದಷ್ಟೇ ಮಾಡೋನು. ಅದೇ ಕಷ್ಟ.

ಅಪ್ಪ ಬಿಟ್ಟುಹೋದ ಮೋಟಾರ್ ಸೈಕಲ್ ಒಂದಿತ್ತು. ಚೆನ್ನಾಗೇ ಓಡೋದು. ಓಡ್ತಾ ಓಡ್ತಾ ನಿಂತುಬಿಡೋದು.

"ನಾನು ಹೋದಮೇಲೆ ಇವನಿಗೆ ಯಾರು ದಿಕ್ಕು" ಅಂತ ಹಾಲಮ್ಮ ಊರೂರು ಹೆಣ್ಣು ಹುಡುಕಿದಳು. ಕೊನೆಗೆ ಮುರಿಗೆಪ್ಪ ಅನ್ನೋನು, ಮಗಳು ಕೊಟ್ರಮ್ಮನಿಗೆ ಗಂಡು ನೋಡೋಕೆ ಬರ್ತೀನಿ ಅಂದ. ಹಾಲಮ್ಮ ಮಗನನ್ನು ಮಂಡಕ್ಕಿ ತರೋಕೆ ಕಳಿಸಿದಳು.

ಕೆರೆ ಏರಿ ಮೇಲೆ ಗಾಡಿ ನಿಂತಿತು. ಕರಿಬಸ ಅದರ ಮೇಲೇ ಕೂತ. ಹೊತ್ತು ಇಳೀತು. ಹಾಲಮ್ಮ ಹುಡುಕ್ಕೊಂಡು ಬಂದಳು.

"ಏನ್ ಮಾಡ್ತಿದೀಯಲೇ?"

"ಕೂತಿದೀನಿ. ನಿಂತರೆ ಏನ್ ಮಾಡಬೇಕಂತ ನೀನು ಹೇಳಿರಲಿಲ್ಲ."

"ಅಯ್ಯೋ ನನ್ನ ಹಣೆಬರವೇ. ನಿಂತರೆ ಒಂದು ಮಗ್ಗುಲಿಗೆ ವಾಲಿಸಿ ಗಡಗಡ ಅಲ್ಲಾಡಿಸಬೇಕು. ಒಳಗಿರೋದು ಸರಿದು ಬರುತ್ತೆ."

"ಆಗಲಿ ಅವ್ವ."

ಮಾರನೇ ದಿನ ಮುರಿಗೆಪ್ಪ ಬಸ್ಸಿಳಿದ. ಕರಿಬಸ ಗಾಡಿ ಮೇಲೆ ಕೂರಿಸಿಕೊಂಡ. ಗಾಡಿ ಚೆನ್ನಾಗೇ ಓಡಿತು. ಹಿಂದೆ ಮುರಿಗೆಪ್ಪ ಮಾತಾಡ್ತಾ ಬಂದ. ಅವನ ಹೊಲ, ಅವನ ಎತ್ತು, ಅವನ ಮಗಳು. ಹೇಳ್ತಾ ಹೇಳ್ತಾ ಉಸಿರು ತಗೊಳ್ಳೋಕೆ ಮಾತು ನಿಲ್ಲಿಸಿದ.

ನಿಂತಿತಲ್ಲ. ಕರಿಬಸ ಗಾಡಿ ನಿಲ್ಲಿಸಿದ. ಮಾವನ ಎರಡೂ ಹೆಗಲು ಹಿಡಿದ. ಒಂದು ಮಗ್ಗುಲಿಗೆ ವಾಲಿಸಿದ. ಗಡಗಡ ಅಲ್ಲಾಡಿಸಿದ. ರುಮಾಲು ಚರಂಡಿಗೆ ಬಿತ್ತು, ಬಾಯಲ್ಲಿದ್ದ ಎಲೆಯಡಿಕೆ ಬಿಳೀ ಪಂಚೆ ಮೇಲೆ ಬಿತ್ತು.

"ಒಳಗಿರೋದು ಸರಿದು ಬಂತು ಮಾವ" ಅಂದ ಕರಿಬಸ.

ಮುರಿಗೆಪ್ಪ ಬಂದ ದಾರೀಲೇ ವಾಪಸ್ ಹೋದ.

ಹಾಲಮ್ಮ ಸೆರಗಿಂದ ಕಣ್ಣೊರೆಸಿಕೊಂಡಳು. "ಈ ಸಂಬಂಧನೂ ಕಳ್ಕೊಂಡೆಯಲ್ಲೋ. ದಣಿದು ನಿಂತರೆ ನೆರಳಿಗೆ ಕರ್ಕೊಂಡು ಹೋಗಬೇಕು. ನೀರು ಕುಡಿಸಬೇಕು. ಗಾಳಿ ಬೀಸಬೇಕು."

"ಆಗಲಿ ಅವ್ವ."

ಅತ್ತ ಮುರಿಗೆಪ್ಪ ಮನೆಗೆ ಹೋಗಿ ನಡೆದದ್ದು ಹೇಳಿದ. ಕೊಟ್ರಮ್ಮ ಹೊಟ್ಟೆ ಹಿಡ್ಕೊಂಡು ನಕ್ಕಳು.

"ಯಾಕವ್ವ ನಗ್ತಿ?"

"ಹೇಳಿದ ಮಾತು ಕೇಳೋ ಗಂಡು ಯಾವೂರಲ್ಲಿ ಸಿಗ್ತಾನಪ್ಪ? ಆಗಲಿ ಅನ್ನು."

ಮದುವೆ ಗೊತ್ತಾಯ್ತು. ಕರಿಬಸ ಪೇಟೆಗೆ ಧಾರೆ ಸೀರೆ ತರೋಕೆ ಹೊರಟ. ನಡುದಾರೀಲಿ ಗಾಡಿ ನಿಂತಿತು. ದಣಿದಿದೆ ಅಂದುಕೊಂಡ. ಬೇವಿನ ಮರದ ನೆರಳಿಗೆ ನೂಕಿದ. ಟ್ಯಾಂಕಿನ ಮುಚ್ಚಳ ತೆಗೆದು ಒಂದು ಕೊಡ ನೀರು ಕುಡಿಸಿದ. ಟವೆಲಿನಲ್ಲಿ ಗಾಳಿ ಬೀಸ್ತಾ ಕೂತ.

ಆ ಗಾಡಿ ರಿಪೇರಿಯಾಗೋಕೆ ವಾರ ಹಿಡೀತು. ಹಾಲಮ್ಮ ಬೈದು ಬೈದು ಸುಸ್ತಾದಳು.

"ಇದೇ ಕೊನೇ ಮಾತು ಕೇಳು. ವಾಲಿಸಬೇಡ, ಕುಡಿಸಬೇಡ. ನಿಂತದ್ದಕ್ಕೆ ಹಿಂದೊಬ್ಬರು ಬೇಕು ಮಗ. ಹಿಂದೆ ಹೋಗು, ನೂಕು. ಹೊರಡೋ ತನಕ ಕೈ ಬಿಡಬೇಡ."

"ಆಗಲಿ ಅವ್ವ."

ಹೆಣ್ಣಿನ ಊರಲ್ಲಿ ಮದುವೆ ಮುಗೀತು. ಹಾಲಮ್ಮ ಸೊಸೆಯನ್ನು ಮನೆ ತುಂಬಿಸಿಕೊಳ್ಳೋಕೆ ಟ್ರ್ಯಾಕ್ಟರಲ್ಲಿ ಮುಂದೆ ಹೋದಳು. ಹಿಂದೆ ಗಾಡಿ ಮೇಲೆ ಗಂಡ ಹೆಂಡತಿ. ಮೆಕ್ಕೆಜೋಳದ ಹೊಲದ ಹತ್ತಿರ ಗಾಡಿ ನಿಂತಿತು.

"ನಾನು ನೂಕ್ತೀನಿ" ಅಂದ ಕರಿಬಸ.

"ನೂಕಿ. ನಾನು ಹ್ಯಾಂಡಲ್ ಹಿಡೀತೀನಿ. ಅಣ್ಣನ ಗಾಡಿ ಓಡಿಸಿ ಗೊತ್ತು."

ನೂಕಿದ. ಗಾಡಿ ಹೊರಟಿತು. ಹೊರಟಿತಲ್ಲ, ಕೈ ಬಿಟ್ಟ. ಕೊಟ್ರಮ್ಮ ಸ್ವಲ್ಪ ದೂರ ಹೋಗಿ ನೋಡಿದಳು, ಹಿಂದೆ ಗಂಡ ಇಲ್ಲ. ತಿರುಗಿ ಬಂದು ಅವನೆದುರು ನಿಲ್ಲಿಸಿದಳು.

"ಹತ್ತಿ ಕೂತ್ಕೊಳ್ರಿ."

ನಿಂತಿತಲ್ಲ. ಕರಿಬಸ ಹಿಂದೆ ಹೋಗಿ ನೂಕಿದ.

ಮತ್ತೆ ಬಂದಳು, ಮತ್ತೆ ನೂಕಿದ. ಹಾಗೇ ಮನೆ ತನಕ ಬಂದರು. ಅವಳು ಬಾಸಿಂಗ ಕಟ್ಟಿಕೊಂಡು ಗಾಡಿ ಮೇಲೆ ನಗ್ತಾ, ಇವನು ಹಿಂದೆ ಓಡ್ತಾ.

ಹೊಸಿಲ ಮೇಲೆ ಸೇರಕ್ಕಿ ಇಟ್ಟಿತ್ತು. ಹಾಲಮ್ಮ ಆರತಿ ತಟ್ಟೆ ಹಿಡಿದಿದ್ದಳು. ಓಣಿ ಹೆಂಗಸರು ಅಡ್ಡ ಕಟ್ಟಿದರು. "ಗಂಡನ ಹೆಸರು ಹೇಳು, ಆಮೇಲೆ ಒಳಗೆ."

ಕೊಟ್ರಮ್ಮ ನಾಚಿ ನಿಂತಳು.

ಕರಿಬಸ ಹಿಂದೆ ಹೋದ.

ಸೇರು ಹಾರಿತು, ಅಕ್ಕಿ ಪಡಸಾಲೆಯೆಲ್ಲ ಚೆಲ್ಲಿತು, ಹೆಂಗಸರು ಆಚೆಗಿಷ್ಟು ಈಚೆಗಿಷ್ಟು ಬಿದ್ದರು. ಸೊಸೆ ಮನೆಯೊಳಗಿದ್ದಳು. ಹಾಲಮ್ಮ ತಟ್ಟೆ ಹಿಡಿದು ಹೊರಗೇ ನಿಂತಿದ್ದಳು.

ಒಳಗಿಂದ ಕೊಟ್ರಮ್ಮ ಕೂಗಿದಳು.

"ಅತ್ತೆ, ಅಲ್ಲಿ ನಿಲ್ಲಬೇಡಿ. ಬೇಗ ಒಳಗೆ ಬನ್ನಿ. ಅವರು ನಿಮ್ಮ ಹಿಂದೆ ಬರ್ತಿದಾರೆ."